ಕಾಯಿ ಹಣ್ಣಾಗುವಾಗ ಅದರೊಳಗಿನ ದ್ಯುತಿಸಂಶ್ಲೇಷಣೆ ಏನಾಗುತ್ತದೆ?

ಹೀಚುಗಾಯಿ:
ಎಲ್ಲರಿಗೂ ನಮಸ್ಕಾರ. ಎಲೆ ಹಸಿರು, ಬೆಳಕಿನಿಂದ ಆಹಾರ ಮಾಡಿಕೊಳ್ಳುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ. ಟೊಮೆಟೊ ಕಾಯಿಯೂ ಹಸಿರೇ ಅಲ್ವಾ? ಬಾಳೆಕಾಯಿ, ಕಿತ್ತಳೆ ಕಾಯಿ, ಸೇಬಿನ ಹೀಚು ಎಲ್ಲವೂ ಹಸಿರೇ. ಹಾಗಾದರೆ ಕಾಯಿಯೂ ದ್ಯುತಿಸಂಶ್ಲೇಷಣೆ ಮಾಡುತ್ತದಾ? ಮಾಡಿದರೆ ಬಣ್ಣ ತಿರುಗುವಾಗ ಅದು ಒಂದೇ ಸಲಕ್ಕೆ ನಿಲ್ಲುತ್ತದಾ, ಇಲ್ಲ ನಿಧಾನಕ್ಕೆ ಕಮ್ಮಿ ಆಗುತ್ತದಾ? ಇನ್ನೊಂದು ಪ್ರಶ್ನೆ. ಹಣ್ಣಿನ ಸಿಹಿಯಲ್ಲಿ ಕಾಯಿ ತಾನೇ ಮಾಡಿಕೊಂಡ ಸಕ್ಕರೆ ಎಷ್ಟು, ಎಲೆ ಕಳಿಸಿದ್ದು ಎಷ್ಟು? ಹುಡುಕಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಬೇರುಬಿಳಲು:
ಮಾಡುತ್ತದೆ. ಹಸಿರು ಕಾಯಿಯ ಸಿಪ್ಪೆಯ ಕೆಳಗಿನ ಪದರಗಳಲ್ಲಿ ಕ್ಲೋರೋಪ್ಲಾಸ್ಟ್‌ಗಳಿವೆ. ಬೆಳಕಿನಿಂದ ಆಹಾರ ಮಾಡುವ ಈ ಸಣ್ಣ ಗೂಡುಗಳಲ್ಲಿ ಹಸಿರು ಬಣ್ಣ ಕೊಡುವ ಕ್ಲೋರೋಫಿಲ್ ಇದೆ, ಇಂಗಾಲದ ಡೈಆಕ್ಸೈಡ್ ಹಿಡಿಯುವ ರುಬಿಸ್ಕೊ ಕಿಣ್ವವೂ ಇದೆ. ಎಲೆಯಲ್ಲಿರುವ ಸಾಮಾನೆಲ್ಲ ಇದೆ, ಆದರೆ ಎಲೆಯಷ್ಟಿಲ್ಲ. ಟೊಮೆಟೊದಲ್ಲಿ ಹಣ್ಣಿನ ಒಟ್ಟು ಇಂಗಾಲದ ಸುಮಾರು 10ರಿಂದ 15% ಕಾಯಿಯ ಸ್ವಂತ ಸಂಪಾದನೆ ಅನ್ನುವ ಅಂದಾಜಿದೆ. ಉಳಿದದ್ದು ಎಲೆಯಿಂದ ಸುಕ್ರೋಸ್ ಅನ್ನುವ ಸಕ್ಕರೆಯಾಗಿ ತೊಟ್ಟಿನ ಮೂಲಕ ಬರುತ್ತದೆ. ಬಣ್ಣ ತಿರುಗಲು ಶುರುವಾದರೆ ಕಾಯಿಯ ಪಾಲು ಬೇಗ ಇಳಿದು ಹೋಗುತ್ತದೆ. ಅಷ್ಟೇ ವಿಷಯ.

ಕಡ್ಡಿಮುರಿದಂತೆ:
ಅಷ್ಟೇ ಅಲ್ಲ. 10ರಿಂದ 15% ಅಂದ ತಕ್ಷಣ ಓದುವವರು ಏನಂದುಕೊಳ್ಳುತ್ತಾರೆ ಹೇಳಿ? ಕಾಯಿ ಹೊರಗಿನ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಎಲೆಯ ಹಾಗೇ ಸಕ್ಕರೆ ಮಾಡುತ್ತಿದೆ ಅಂದುಕೊಳ್ಳುತ್ತಾರೆ. ಟೊಮೆಟೊ ಸಿಪ್ಪೆಯಲ್ಲಿ ಪತ್ರರಂಧ್ರಗಳೇ ಇಲ್ಲ. ಮೇಲೆ ಮೇಣದ ಪದರ ಬೇರೆ. ಗಾಳಿ ಒಳಗೆ ಹೊರಗೆ ಓಡಾಡುವುದು ಹೆಚ್ಚಾಗಿ ತೊಟ್ಟು ಕೂಡುವ ಜಾಗದಿಂದ. ಎಲೆಯಲ್ಲಾದರೆ ಒಂದು ಚದರ ಮಿಲಿಮೀಟರ್‌ನಲ್ಲೇ ನೂರರ ಲೆಕ್ಕದಲ್ಲಿ ರಂಧ್ರಗಳಿರುತ್ತವೆ. ಒಂದು ಕಾಯಿಯನ್ನು ಗಾಜಿನ ಡಬ್ಬಿಯಲ್ಲಿ ಮುಚ್ಚಿ ಬೆಳಕಿನಲ್ಲಿಟ್ಟು ಅಳೆದರೆ ಸಾಮಾನ್ಯವಾಗಿ ಅದು ಇಂಗಾಲದ ಡೈಆಕ್ಸೈಡ್ ಹೊರಗೆ ಬಿಡುತ್ತಲೇ ಇರುತ್ತದೆ. ಒಟ್ಟು ಲೆಕ್ಕದಲ್ಲಿ ನಷ್ಟ. ಇದಕ್ಕೆ ದ್ಯುತಿಸಂಶ್ಲೇಷಣೆ ಅಂತ ಇಷ್ಟು ದೊಡ್ಡ ಹೆಸರು ಯಾಕೆ?

ಸಸ್ಯಮೇಷ್ಟ್ರು:
ಕಡ್ಡಿಮುರಿದಂತೆ ಅವರೇ, ಡಬ್ಬಿಯ ಅಳತೆಯನ್ನು ಅರ್ಧಕ್ಕೇ ಬಿಟ್ಟಿರಿ. ಅದೇ ಕಾಯಿಯನ್ನು ಕತ್ತಲಲ್ಲಿಟ್ಟು ಇನ್ನೊಮ್ಮೆ ಅಳೆಯಿರಿ. ಕತ್ತಲಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡ್ ಬೆಳಕಿನಲ್ಲಿ ಬರುವುದಕ್ಕಿಂತ ಜಾಸ್ತಿ ಇರುತ್ತದೆ. ಬೆಳಕಿನಲ್ಲಿ ಕಮ್ಮಿ ಬಂದ ಆ ಪಾಲು ಎಲ್ಲಿ ಹೋಯಿತು? ಕಾಯಿ ಅದನ್ನು ಹೊರಗೆ ಹೋಗುವ ಮೊದಲೇ ಹಿಡಿದು ಮತ್ತೆ ಸಕ್ಕರೆಯ ದಾರಿಗೆ ಹಾಕಿತು. (ಬೆಳಕಿನಲ್ಲಿ ಉಸಿರಾಟದ ವೇಗವೂ ಸ್ವಲ್ಪ ಬದಲಾಗುತ್ತದೆ, ಹಾಗಾಗಿ ಲೆಕ್ಕ ಇಷ್ಟು ಸಲೀಸಲ್ಲ. ಅದು ಬೇರೆ ತಲೆನೋವು.)

ಕಾಯಿಯೊಳಗೆ ಏನು ನಡೆಯುತ್ತಿದೆ ನೋಡಿ. ತಿರುಳು ಬೆಳೆಯುತ್ತಿದೆ, ಬೀಜ ಕಟ್ಟುತ್ತಿದೆ. ಎರಡೂ ಜೋರಾಗಿ ಉಸಿರಾಡುತ್ತವೆ. ಸಿಪ್ಪೆಯಿಂದ ಗಾಳಿ ಹೊರಗೆ ಹೋಗುವುದು ಕಷ್ಟ. ಹಾಗಾಗಿ ಒಳಗೆ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹೊರಗಿನ ಗಾಳಿಯಲ್ಲಿ ಅದು ಸುಮಾರು 0.04%, ಕಾಯಿಯೊಳಗೆ ಅದರ ಎಷ್ಟೋ ಪಟ್ಟು. ರುಬಿಸ್ಕೊಗೆ ಇದು ಹಬ್ಬ. ಎಲೆಯಲ್ಲಿ ಅದು ಎಷ್ಟೋ ಸಲ ಇಂಗಾಲದ ಡೈಆಕ್ಸೈಡ್ ಬದಲು ಆಮ್ಲಜನಕವನ್ನು ಹಿಡಿದು ಕೆಲಸ ಕೆಡಿಸಿಕೊಳ್ಳುತ್ತದೆ. ಕಾಯಿಯೊಳಗೆ ಆ ತಾಪತ್ರಯ ಕಡಿಮೆ. ಎಲೆ ಹೊರಗಿನಿಂದ ತರುತ್ತದೆ, ಕಾಯಿ ಸೋರುವ ಕಡೆ ಬಕೆಟ್ ಇಟ್ಟುಕೊಂಡು ಕೂತಿರುತ್ತದೆ. ಹೊಸ ನೀರು ಬಾರದಿದ್ದರೂ ಇದ್ದದ್ದು ಪೋಲಾಗುವುದಿಲ್ಲ.

ಎರಡನೆಯದು ಆಮ್ಲಜನಕ. ನನ್ನ ಲೆಕ್ಕದಲ್ಲಿ ಇದೇ ಮುಖ್ಯ, ಆದರೆ ಇದನ್ನು ಯಾರೂ ಹೇಳುವುದಿಲ್ಲ. ಕಾಯಿ ಎಲೆಯಂತೆ ತೆಳು ಅಲ್ಲ, ದಪ್ಪ ಗುಂಡು. ನಡುವಿನ ಜೀವಕೋಶಗಳಿಗೆ, ಬೀಜಗಳಿಗೆ ಹೊರಗಿನ ಆಮ್ಲಜನಕ ತಲುಪುವುದು ಕಷ್ಟ. ಒಳಗೇ ಒಂದಿಷ್ಟು ಹಸಿರು ಇದ್ದು ಬೆಳಕು ಅಲ್ಲಿಯವರೆಗೆ ಹೋದರೆ, ಅಲ್ಲೇ ಆಮ್ಲಜನಕ ಹುಟ್ಟುತ್ತದೆ. ಟೊಮೆಟೊ ಕೊಯ್ದಾಗ ಬೀಜದ ಸುತ್ತಲಿನ ಲೋಳೆ ಎಷ್ಟೋ ಸಲ ಹಸಿರಾಗೇ ಇರುತ್ತದಲ್ಲ, ಗಮನಿಸಿದ್ದೀರಾ? ಕೆಲವು ಸಲ ಹೊರಗಿನ ಗೋಡೆ ಕೆಂಪಾದ ಮೇಲೂ ಅದು ಸ್ವಲ್ಪ ಕಾಲ ಹಸಿರು ಉಳಿಸಿಕೊಳ್ಳುತ್ತದೆ.

ಇರುವೆಸಾಲು:
ಮೇಷ್ಟ್ರು ಹೇಳಿದ್ದಕ್ಕೆ ಬಟಾಣಿ ಒಳ್ಳೆಯ ಸಾಕ್ಷಿ. ಬಟಾಣಿ ಕಾಯಿಯ ಗೋಡೆಯಲ್ಲಿ ಹಸಿರು ಪದರಗಳು ಎರಡು. ಹೊರಗಿನದು ಹೊರಗಿನ ಗಾಳಿಯಿಂದ ಇಂಗಾಲ ಹಿಡಿಯುತ್ತದೆ. ಕಾಳುಗಳ ಕಡೆ ಮುಖ ಮಾಡಿರುವ ಒಳಪದರ ಕಾಳು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹಿಡಿಯುತ್ತದೆ. ಇದು 1977ರಷ್ಟು ಹಿಂದೆಯೇ ಗೊತ್ತಾದ ವಿಷಯ. ಒಂದೇ ಕಾಯಿ, ಎರಡು ಪದರ, ಎರಡು ಬೇರೆ ಕೆಲಸ. ನನಗಂತೂ ಓದಿದಾಗ ಭಾರಿ ಖುಷಿಯಾಗಿತ್ತು.

ಎಣ್ಣೆಕಾಳಿನ ಕತೆ ಇನ್ನೂ ವಿಚಿತ್ರ. ಸಾಸಿವೆ ಜಾತಿಯ ರೇಪ್‌ಸೀಡ್‌ನ ಎಳೆ ಬೀಜದೊಳಗಿನ ಭ್ರೂಣ ಹಸಿರಾಗಿರುತ್ತದೆ. ಅಲ್ಲಿ ರುಬಿಸ್ಕೊ ಕೆಲಸ ಮಾಡುತ್ತದೆ, ಆದರೆ ನಾವು ಪಠ್ಯದಲ್ಲಿ ಓದಿದ ಕ್ಯಾಲ್ವಿನ್ ಚಕ್ರದ (ಇಂಗಾಲದ ಡೈಆಕ್ಸೈಡಿನಿಂದ ಸಕ್ಕರೆ ಮಾಡುವ ಸರಣಿ) ಪೂರ್ತಿ ಸುತ್ತು ಇಲ್ಲದೆ. ಸಕ್ಕರೆ ಎಣ್ಣೆಯಾಗುವಾಗ ಹಾರಿಹೋಗುವ ಇಂಗಾಲವನ್ನು ಅದು ಅಲ್ಲೇ ಹಿಡಿದು ಮತ್ತೆ ಬಳಕೆಗೆ ತರುತ್ತದೆ. ಹೀಗೆ ಮಾಡುವುದರಿಂದ ಇಂಗಾಲದ ನಷ್ಟ 40% ಕಡಿಮೆಯಾಗುತ್ತದೆ ಅಂತ 2004ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು.

ಹೀಚುಗಾಯಿ:
ಅಬ್ಬಾ, ಇಷ್ಟೊಂದು ಇದೆ ಅಂದುಕೊಂಡಿರಲಿಲ್ಲ. ಎಲ್ಲ ಕಾಯಿಗಳಿಗೂ ರಂಧ್ರ ಇಲ್ಲವಾ, ಅಥವಾ ಟೊಮೆಟೊ ಮಾತ್ರ ಹೀಗಾ?

ಇರುವೆಸಾಲು:
ಟೊಮೆಟೊದ್ದು ಸ್ವಲ್ಪ ಅತಿ. ಸೇಬಿನ ಹೀಚಿನಲ್ಲಿ, ಮಾವಿನ ಮಿಡಿಯಲ್ಲಿ ರಂಧ್ರಗಳಿರುತ್ತವೆ. ಕಾಯಿ ಉಬ್ಬುತ್ತಾ ಹೋದಂತೆ ಸಿಪ್ಪೆ ಹಿಗ್ಗುತ್ತದೆ, ಹೊಸ ರಂಧ್ರಗಳು ಹುಟ್ಟುವುದಿಲ್ಲ, ಇದ್ದವು ದೂರ ದೂರ ಆಗುತ್ತವೆ. ಆಮೇಲೆ ಅವು ತೆರೆದು ಮುಚ್ಚುವ ಶಕ್ತಿ ಕಳೆದುಕೊಂಡು ಚುಕ್ಕೆಗಳಾಗಿ ಉಳಿಯುತ್ತವೆ. ಸೇಬಿನ ಮೇಲೆ, ಮಾವಿನ ಮೇಲೆ ಕಾಣುವ ಸಣ್ಣ ಸಣ್ಣ ಚುಕ್ಕೆಗಳು ಅವೇ. ಹಾಗಾಗಿ ಹೀಚಿನಲ್ಲಿ ಇದ್ದಷ್ಟು ಗಾಳಿ ಓಡಾಟ ಬಲಿತ ಕಾಯಿಯಲ್ಲಿ ಇರುವುದಿಲ್ಲ. ಗಾತ್ರಕ್ಕೆ ಹೋಲಿಸಿದರೆ ಹೀಚಿನ ಮೈಹರಹು ಜಾಸ್ತಿ, ಹಸಿರೂ ದಟ್ಟ. ದ್ಯುತಿಸಂಶ್ಲೇಷಣೆ ಜೋರಾಗಿರುವುದೂ ಆಗಲೇ.

ಬೇರುಬಿಳಲು:
ಬೆಳಕೇ ಬೇಡದ ಇನ್ನೊಂದು ದಾರಿಯೂ ಇದೆ. ಪಿಇಪಿ ಕಾರ್ಬಾಕ್ಸಿಲೇಸ್ ಅನ್ನುವ ಕಿಣ್ವ. ಅದೂ ಒಳಗಿನ ಇಂಗಾಲದ ಡೈಆಕ್ಸೈಡನ್ನು ಕಟ್ಟಿಹಾಕುತ್ತದೆ, ಅದರಿಂದ ಹುಟ್ಟುವುದು ಮ್ಯಾಲಿಕ್ ಆಮ್ಲ. ದ್ರಾಕ್ಷಿ ಕಾಯಿ ಅಷ್ಟು ಹುಳಿ ಇರುವುದರಲ್ಲಿ ಈ ಆಮ್ಲದ ಪಾಲು ದೊಡ್ಡದು. ಹಣ್ಣಾಗುವಾಗ ಅದನ್ನೇ ಉಸಿರಾಟಕ್ಕೆ ಸುಟ್ಟುಕೊಳ್ಳುತ್ತದೆ. ಹುಳಿ ಇಳಿಯುವುದಕ್ಕೆ ಅದೂ ಒಂದು ಕಾರಣ.

ಸುಮ್ನೆ_ಕೇಳ್ದೆ:
ನನ್ನದು ದಡ್ಡ ಪ್ರಶ್ನೆ ಅನಿಸಬಹುದು. ಕಾಯಿ ಕಿತ್ತು ಕಿಟಕಿಯ ಬಿಸಿಲಿಗೆ ಇಟ್ಟರೆ ಬೇಗ ಹಣ್ಣಾಗುತ್ತದೆ ಅಂತ ಇಡುತ್ತೇವಲ್ಲ, ಅದು ಈ ದ್ಯುತಿಸಂಶ್ಲೇಷಣೆಯಿಂದಾನಾ?

ಕಡ್ಡಿಮುರಿದಂತೆ:
ಅಲ್ಲ. ಹಣ್ಣಾಗುವುದಕ್ಕೆ ಬೆಳಕು ಬೇಕಿಲ್ಲ. ಬಲಿತ ಕಾಯಿ ಕತ್ತಲೆಯ ಪೆಟ್ಟಿಗೆಯಲ್ಲೂ ಹಣ್ಣಾಗುತ್ತದೆ. ಅದಕ್ಕೆ ಬೇಕಾದದ್ದು ಹಣ್ಣು ಮಾಗಿಸುವ ಎಥಿಲೀನ್ ಅನಿಲ ಮತ್ತು ಹದವಾದ ಬಿಸಿ. ಸೇಬು ಹಣ್ಣಾಗುವಾಗ ಉಸಿರಾಟ ಒಮ್ಮೆಲೇ ಏರಿ ಇಳಿಯುತ್ತದೆ ಅಂತ ಕಿಡ್ ಮತ್ತು ವೆಸ್ಟ್ ಅನ್ನುವ ವಿಜ್ಞಾನಿಗಳು 1925ರಲ್ಲೇ ತೋರಿಸಿದ್ದರು. ಹಣ್ಣಾದ ಸೇಬು ಎಥಿಲೀನ್ ಬಿಡುತ್ತದೆ ಅಂತ ಗೇನ್ 1934ರಲ್ಲಿ ಸಾಬೀತು ಮಾಡಿದರು. ಎಲ್ಲೂ ದ್ಯುತಿಸಂಶ್ಲೇಷಣೆಯ ಮಾತಿಲ್ಲ. ಮತ್ತೆ ಕಿಟಕಿಯ ಬಿಸಿಲು ಟೊಮೆಟೊಗೆ ಒಳ್ಳೆಯದೂ ಅಲ್ಲ. ಕಾಯಿಯ ಬಿಸಿ 30 ಡಿಗ್ರಿ ದಾಟಿದರೆ ಕೆಂಪು ಕೊಡುವ ಲೈಕೋಪೀನ್ ತಯಾರಾಗುವುದು ಕುಂಟುತ್ತದೆ. ಹಣ್ಣು ಕೆಂಪಾಗುವ ಬದಲು ಹಳದಿ ಮಿಶ್ರ ಕಿತ್ತಳೆ ಬಣ್ಣಕ್ಕೆ ನಿಲ್ಲುತ್ತದೆ. ನೆರಳಲ್ಲಿ, ಗಾಳಿಯಾಡುವ ಕಡೆ ಇಡಿ.

ಸುಮ್ನೆ_ಕೇಳ್ದೆ:
ಸರಿ ಸರ್. ಹಾಗಾದರೆ ಬಾಳೆಹಣ್ಣು? ಕೆಲವು ಸಲ ಒಳಗೆ ಮೆತ್ತಗೆ ಹಣ್ಣಾಗಿರುತ್ತದೆ, ಸಿಪ್ಪೆ ಮಾತ್ರ ಹಸಿರು ಬಿಡುವುದೇ ಇಲ್ಲ. ಆ ಸಿಪ್ಪೆ ಇನ್ನೂ ದ್ಯುತಿಸಂಶ್ಲೇಷಣೆ ಮಾಡುತ್ತಿರುತ್ತದಾ?

ಸಸ್ಯಮೇಷ್ಟ್ರು:
ಇದು ದಡ್ಡ ಪ್ರಶ್ನೆ ಅಲ್ಲವೇ ಅಲ್ಲ, ಚರ್ಚೆಯ ಒಳ್ಳೆಯ ಭಾಗಕ್ಕೆ ಬಂದಿರಿ. ಕ್ಯಾವೆಂಡಿಶ್ ಜಾತಿಯ ಬಾಳೆಯನ್ನು ಸುಮಾರು 24 ಡಿಗ್ರಿಗಿಂತ ಮೇಲೆ ಹಣ್ಣು ಮಾಡಿದರೆ ಸಿಪ್ಪೆಯ ಕ್ಲೋರೋಫಿಲ್ ಸರಿಯಾಗಿ ಒಡೆಯುವುದಿಲ್ಲ. ತಿರುಳು ಮಾತ್ರ ಮೆತ್ತಗಾಗಿ ಸಿಹಿಯಾಗುತ್ತದೆ. ಅಂದರೆ ಹಣ್ಣಾಗುವುದು ಮತ್ತು ಹಸಿರು ಹೋಗುವುದು ಜೊತೆಜೊತೆಗೆ ನಡೆಯುವ ಎರಡು ಬೇರೆ ಕೆಲಸಗಳು. ಸಾಮಾನ್ಯವಾಗಿ ಒಂದೇ ಸೂಚನೆಗೆ ಎರಡೂ ಓಡುತ್ತವೆ, ಆದರೆ ಬಿಡಿಸಿ ಬೇರೆ ಮಾಡಬಹುದು. ಹಸಿರು ಉಳಿದಿದೆ ಅಂದ ಮಾತ್ರಕ್ಕೆ ಆಹಾರ ತಯಾರಿಯ ಇಡೀ ಸರಣಿ ನಡೆಯುತ್ತಿದೆ ಅಂತ ಅರ್ಥ ಅಲ್ಲ. ಕ್ಲೋರೋಫಿಲ್ ಇದ್ದು, ಮುಂದಿನ ಕಿಣ್ವಗಳು ಕರಗಿ ಹೋಗಿರಬಹುದು.

ಈಗ ಹೀಚುಗಾಯಿ ಕೇಳಿದ ಮೊದಲ ಪ್ರಶ್ನೆಗೆ ಬರುತ್ತೇನೆ: ಹೇಗೆ ನಿಲ್ಲುತ್ತದೆ? ಟೊಮೆಟೊದಲ್ಲಿ ಕಾಯಿ ಬಲಿಯುವ ಹೊತ್ತಿಗೇ ದ್ಯುತಿಸಂಶ್ಲೇಷಣೆಯ ಜೀನ್‌ಗಳ ಕೆಲಸ ಇಳಿಮುಖವಾಗಿರುತ್ತದೆ. ದೋರೆಗಾಯಿ ಹಂತಕ್ಕೆ ಬಂದಾಗ ಕ್ಲೋರೋಪ್ಲಾಸ್ಟ್‌ನೊಳಗಿನ ಥೈಲಕಾಯ್ಡ್ ಪೊರೆಗಳು ಕಳಚಿಕೊಳ್ಳುತ್ತವೆ. ಬೆಳಕು ಹಿಡಿಯುತ್ತಿದ್ದದ್ದು ಆ ಪೊರೆಗಳೇ. ಅದೇ ಗೂಡಿನಲ್ಲಿ ಲೈಕೋಪೀನ್ ಹರಳುಗಟ್ಟುತ್ತದೆ. ಹಳೆಯದು ಸತ್ತು ಹೊಸದು ಹುಟ್ಟುವುದಿಲ್ಲ, ಕ್ಲೋರೋಪ್ಲಾಸ್ಟೇ ಬಣ್ಣ ತುಂಬಿದ ಗೂಡಾಗಿ, ಅಂದರೆ ಕ್ರೋಮೋಪ್ಲಾಸ್ಟ್ ಆಗಿ ಬದಲಾಗುತ್ತದೆ. ಇದೆಲ್ಲ ಇಡೀ ಹಣ್ಣಿನಲ್ಲಿ ಒಟ್ಟಿಗೆ ಆಗುವುದಿಲ್ಲ. ಒಂದೇ ಜೀವಕೋಶದಲ್ಲಿ ಅರ್ಧ ಬದಲಾದವೂ ಇರುತ್ತವೆ, ಇನ್ನೂ ಹಸಿರಾಗಿರುವವೂ ಇರುತ್ತವೆ. ಹಾಗಾಗಿ ಸ್ವಿಚ್ ಆರಿಸಿದ ಹಾಗೆ ನಿಲ್ಲುವುದಿಲ್ಲ.

ಕತ್ತಲೆಕೋಣೆ:
ಕ್ಲೋರೋಫಿಲ್ ಒಡೆದ ಮೇಲೆ ಎಲ್ಲಿಗೆ ಹೋಗುತ್ತದೆ? ಆವಿಯಾಗುತ್ತದಾ?

ಸಸ್ಯಮೇಷ್ಟ್ರು:
ಎಲ್ಲಿಗೂ ಹೋಗುವುದಿಲ್ಲ, ಬಣ್ಣ ಕಳೆದುಕೊಂಡು ಅಲ್ಲೇ ಇರುತ್ತದೆ. ಬಿಡಿಯಾಗಿ ಬಿದ್ದ ಕ್ಲೋರೋಫಿಲ್ ಅಪಾಯಕಾರಿ. ಅದು ಬೆಳಕು ಹೀರುತ್ತಲೇ ಇರುತ್ತದೆ, ಆ ಶಕ್ತಿಯನ್ನು ಕೊಡಲು ಜಾಗ ಇರುವುದಿಲ್ಲ, ಕೊನೆಗೆ ಆಮ್ಲಜನಕವನ್ನು ಕೆರಳಿಸಿ ಜೀವಕೋಶಕ್ಕೆ ಹಾನಿ ಮಾಡುತ್ತದೆ. ಅದಕ್ಕೇ ಗಿಡ ಅದನ್ನು ಹಂತ ಹಂತವಾಗಿ ಬಿಚ್ಚಿ, ಬಣ್ಣವಿಲ್ಲದ ತುಣುಕು ಮಾಡಿ, ಜೀವಕೋಶದೊಳಗಿನ ರಸದ ಚೀಲಕ್ಕೆ (ರಸಧಾನಿ) ತಳ್ಳುತ್ತದೆ. ನಡುವಿನ ಒಂದು ಹಂತದ ತುಣುಕುಗಳು ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತವೆ. ಬಾಳೆಹಣ್ಣಿನ ಸಿಪ್ಪೆಯಲ್ಲಿ ಅವು ಉಳಿದುಕೊಳ್ಳುತ್ತವೆ. ಹಾಗಾಗಿ ಹಣ್ಣಾದ ಬಾಳೆ ಅತಿನೇರಳೆ ದೀಪದ ಕೆಳಗೆ ನೀಲಿ ಹೊಳಪು ಕೊಡುತ್ತದೆ. ಇನ್ಸ್‌ಬ್ರುಕ್‌ನ ರಸಾಯನಶಾಸ್ತ್ರಜ್ಞರು ಇದನ್ನು 2008ರಲ್ಲಿ ವರದಿ ಮಾಡಿದರು. ನೋಟು ನೋಡುವ ದೀಪ ಇದ್ದವರು ಕತ್ತಲಲ್ಲಿ ಹಿಡಿದು ನೋಡಿ.

ಇರುವೆಸಾಲು:
ಇದಕ್ಕೆ ಮೆಂಡೆಲ್ ನಂಟಿದೆ! ಮೆಂಡೆಲ್ ನೋಡಿದ ಬಟಾಣಿಯಲ್ಲಿ ಕೆಲವು ಕಾಳು ಹಳದಿ, ಕೆಲವು ಹಸಿರು. 1866ರಲ್ಲಿ ಅಚ್ಚಾದ ಕೆಲಸ. ಆ ಹಸಿರಿನ ಕಾರಣ ಜೀನ್ ಮಟ್ಟದಲ್ಲಿ ಗೊತ್ತಾದದ್ದು 2007ರಲ್ಲಿ. ಕ್ಲೋರೋಫಿಲ್ ಒಡೆಯಲು ಬೇಕಾದ ‘ಸ್ಟೇ ಗ್ರೀನ್’ ಅನ್ನುವ ಜೀನ್ ಕೆಟ್ಟಿರುವ ಗಿಡದಲ್ಲಿ ಕಾಳು ಒಣಗಿದರೂ ಹಸಿರು. ಟೊಮೆಟೊದಲ್ಲೂ ಅದೇ ತರದ ಜೀನ್ ಕೆಟ್ಟರೆ ಲೈಕೋಪೀನ್ ಬರುತ್ತದೆ, ಹಸಿರೂ ಹೋಗುವುದಿಲ್ಲ. ಕೆಂಪು ಮತ್ತು ಹಸಿರು ಬೆರೆತು ಹಣ್ಣು ಕಂದು ಬಣ್ಣಕ್ಕೆ ಬರುತ್ತದೆ. ಕಂದು ಬಣ್ಣದ ದೊಣ್ಣೆಮೆಣಸಿನಕಾಯಿಯ ಕತೆಯೂ ಇದೇ.

ಹೀಚುಗಾಯಿ:
ಹಾಗಾದರೆ ಕಿವಿ ಹಣ್ಣು, ಬೆಣ್ಣೆಹಣ್ಣು? ಅವು ಪೂರ್ತಿ ಹಣ್ಣಾದರೂ ಒಳಗೆ ಹಸಿರೇ.

ಇರುವೆಸಾಲು:
ಅವು ಕ್ಲೋರೋಫಿಲ್ ಉಳಿಸಿಕೊಂಡೇ ಹಣ್ಣಾಗುತ್ತವೆ. ಹಳದಿ ತಿರುಳಿನ ಕಿವಿ ಜಾತಿಗಳೂ ಇವೆ, ಅವು ಹಸಿರನ್ನು ಒಡೆದು ಹಾಕುತ್ತವೆ. ಒಂದೇ ಬಳಗದಲ್ಲಿ ಎರಡೂ ಪದ್ಧತಿ. ಇದರಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳುವಂಥದ್ದು ಇಲ್ಲ.

ಬೇರುಬಿಳಲು:
ಕಿತ್ತಳೆ ಮರೆಯಬೇಡಿ. ವೆಲೆನ್ಸಿಯಾ ಜಾತಿಯ ಕಿತ್ತಳೆ ಮರದ ಮೇಲೆ ಹಣ್ಣಾಗಿ ಬಣ್ಣ ಬಂದ ಮೇಲೆ, ಸೆಕೆ ಏರಿದಾಗ ಸಿಪ್ಪೆ ಮತ್ತೆ ಹಸಿರಾಗುತ್ತದೆ. ಕ್ರೋಮೋಪ್ಲಾಸ್ಟ್ ಹಿಂದಕ್ಕೆ ಹೋಗಿ ಕ್ಲೋರೋಪ್ಲಾಸ್ಟ್ ಆಗುತ್ತದೆ, ಥೈಲಕಾಯ್ಡ್ ಪೊರೆಗಳು ಮತ್ತೆ ಕಟ್ಟಿಕೊಳ್ಳುತ್ತವೆ. ಒಳಗಿನ ತೊಳೆ ಹಣ್ಣಾಗಿಯೇ ಇರುತ್ತದೆ. ರಾತ್ರಿ ತಂಪಾಗದ ಕಡೆಗಳಲ್ಲಂತೂ ಕಿತ್ತಳೆ ಒಳಗೆ ಹಣ್ಣಾದರೂ ಸಿಪ್ಪೆ ಹಸಿರಾಗೇ ಉಳಿಯಬಹುದು. ಟೊಮೆಟೊ ಕೆಂಪಾದರೆ ಹಿಂದಿರುಗುವ ದಾರಿ ಇಲ್ಲ, ಕಿತ್ತಳೆಗೆ ಇದೆ.

ಕಡ್ಡಿಮುರಿದಂತೆ:
ಎಲ್ಲ ಚೆನ್ನಾಗಿದೆ, ನನ್ನ ಪ್ರಶ್ನೆ ಹಾಗೇ ಇದೆ. ಈ ದ್ಯುತಿಸಂಶ್ಲೇಷಣೆ ಹಣ್ಣಿಗೆ ಬೇಕೇ ಬೇಕಾ? 2011ರಲ್ಲಿ ಪ್ಲಾಂಟ್ ಫಿಸಿಯಾಲಜಿ ಪತ್ರಿಕೆಯಲ್ಲಿ ಒಂದು ಪ್ರಯೋಗ ಬಂತು. ಟೊಮೆಟೊದ ಹಣ್ಣಿನಲ್ಲಿ ಮಾತ್ರ ಕ್ಲೋರೋಫಿಲ್ ತಯಾರಿಯ ಒಂದು ಕಿಣ್ವವನ್ನು ತಗ್ಗಿಸಿದರು. ಎಲೆಗೆ ಕೈ ಹಚ್ಚಲಿಲ್ಲ. ಕಾಯಿ ಬಿಳಿಚಿಕೊಂಡಿತು, ದ್ಯುತಿಸಂಶ್ಲೇಷಣೆ ಇಳಿಯಿತು. ಹಣ್ಣಿನ ಮುಖ್ಯ ರಾಸಾಯನಿಕ ಲೆಕ್ಕ ಹೆಚ್ಚೇನೂ ಬದಲಾಗಲಿಲ್ಲ, ಹಣ್ಣಾಗುವುದೂ ನಡೆಯಿತು. ಎಲೆ ಸಕ್ಕರೆ ಕಳಿಸಿ ತೂಗಿಸಿಬಿಟ್ಟಿತು. ಕಾಯಿಗೆ ಬಟ್ಟೆ ಸುತ್ತಿ ಕತ್ತಲಲ್ಲಿ ಬೆಳೆಸಿದರೂ ಅಷ್ಟೇ, ಬೆಳ್ಳಗೆ ಬೆಳೆದು ಆಮೇಲೆ ಕೆಂಪಾಗುತ್ತದೆ. ಬೇಕೇ ಬೇಕು ಅನ್ನುವುದಾದರೆ ಇದೆಲ್ಲ ಹೇಗೆ ಸಾಧ್ಯ?

ಸಸ್ಯಮೇಷ್ಟ್ರು:
ಆ ಪ್ರಯೋಗದ ಉಳಿದ ಅರ್ಧವನ್ನೂ ಹೇಳಿ ಸ್ವಾಮಿ. ಬೀಜ ಕಟ್ಟುವುದು ಏರುಪೇರಾಯಿತು. ಆ ವರದಿಯ ತಲೆಬರಹದಲ್ಲೇ ಬೀಜದ ಮಾತಿದೆ. ನಾವು ಹಣ್ಣು ಅಂದರೆ ತಿರುಳು ಅಂತ ನೋಡುತ್ತೇವೆ, ಗಿಡಕ್ಕೆ ಬೇಕಿರುವುದು ಬೀಜ. ಮೇಲೆ ಹೇಳಿದ ಆಮ್ಲಜನಕದ ಮಾತು, ಬಟಾಣಿಯ ಒಳಪದರ, ಎಣ್ಣೆಕಾಳಿನ ಹಸಿರು ಭ್ರೂಣ, ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಾಯಿಯ ಹಸಿರು ದುಡಿಯುವುದು ಹೆಚ್ಚಾಗಿ ಬೀಜದ ಪರವಾಗಿ. ಬೀಜ ಬಲಿತ ಮೇಲೆ ಆ ಹಸಿರಿಗೆ ಕೆಲಸ ಕಮ್ಮಿ. ಕಾಯಿ ಹಸಿರನ್ನು ಬಿಡುವುದೂ ಆಗಲೇ. ಸಿಹಿಯ ಲೆಕ್ಕ ಹಾಕುತ್ತಾ ಕೂತರೆ ಇದು ಕಾಣುವುದೇ ಇಲ್ಲ.

ಕಡ್ಡಿಮುರಿದಂತೆ:
ಬೀಜದ ಮಾತು ಸರಿ. ಆದರೆ ನೋಡಿ, ಸಿಹಿಗೂ ಸಂಬಂಧ ಇದೆ ಅನ್ನುವವರು ಇದ್ದಾರೆ. 2012ರ ಸೈನ್ಸ್ ಪತ್ರಿಕೆಯ ವರದಿ. ಅದು ಇದಕ್ಕೆ ಉಲ್ಟಾ ಹೊಡೆಯುತ್ತದಲ್ಲ?

ಬೇರುಬಿಳಲು:
ಅದನ್ನು ನಾನು ಹೇಳುತ್ತೇನೆ, ನನ್ನ ಮೆಚ್ಚಿನ ವಿಷಯ. ಹಳೆಯ ಟೊಮೆಟೊ ಜಾತಿಗಳಲ್ಲಿ ಕಾಯಿಯ ತೊಟ್ಟಿನ ಕಡೆ, ಅಂದರೆ ಭುಜದ ಭಾಗ, ಗಾಢ ಹಸಿರಾಗಿರುತ್ತದೆ. ಹಣ್ಣಾಗುವಾಗ ಆ ಭಾಗ ತಡವಾಗಿ ಕೆಂಪಾಗುತ್ತದೆ. ಎಲ್ಲ ಕಾಯಿ ಒಂದೇ ಸಮ ತಿಳಿಹಸಿರಾಗಿದ್ದು ಒಂದೇ ಸಮ ಕೆಂಪಾದರೆ ಕೀಳುವ ಹೊತ್ತು ತಿಳಿಯುವುದು ಸುಲಭ, ನೋಡಲೂ ಚೆಂದ. ಅಂಥ ಒಂದು ಗುಣ ಸಿಕ್ಕಿತು. ತಳಿ ಬೆಳೆಸುವವರು ಸುಮಾರು 70 ವರ್ಷ ಅದನ್ನೇ ಆರಿಸುತ್ತಾ ಬಂದರು. 2012ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನ ಆನ್ ಪೊವೆಲ್ ಮತ್ತು ಜೊತೆಗಾರರು ಅದರ ಹಿಂದಿನ ಜೀನ್ ಕಂಡುಹಿಡಿದರು. ಹೆಸರು ಜಿಎಲ್‌ಕೆ2. ಕಾಯಿಯಲ್ಲಿ ಕ್ಲೋರೋಪ್ಲಾಸ್ಟ್ ಬೆಳೆಯುವುದನ್ನು ನೋಡಿಕೊಳ್ಳುವ ಜೀನ್ ಅದು. ಒಂದೇ ಸಮ ಹಣ್ಣಾಗುವ ಜಾತಿಗಳಲ್ಲಿ ಅದು ಕೆಟ್ಟಿದೆ. ಎಲೆಗೆ ಅದರ ಅಣ್ಣನಂಥ ಜಿಎಲ್‌ಕೆ1 ಇದೆ, ಹಾಗಾಗಿ ಎಲೆಗೆ ಏನೂ ಆಗಲಿಲ್ಲ, ಯಾರಿಗೂ ಗೊತ್ತೂ ಆಗಲಿಲ್ಲ. ಸರಿಯಾದ ಜೀನನ್ನು ಜೋರು ಮಾಡಿದಾಗ ಕಾಯಿ ಕಡುಹಸಿರಾಯಿತು, ಹಣ್ಣಿನಲ್ಲಿ ಸಕ್ಕರೆಯೂ ಲೈಕೋಪೀನೂ ಹೆಚ್ಚಿದವು.

ನೋಡೋಕೆ ಚೆಂದ ಅಂತ ಆರಿಸುತ್ತಾ ಹೋಗಿ, ರುಚಿಗೆ ಕೈ ಹಾಕಿಬಿಟ್ಟರು ಅಂತ ನನಗೆ ಬೇಜಾರು. ರುಚಿ ಹೋಗಲು ಇದೊಂದೇ ಕಾರಣ ಅಲ್ಲ, ಅದೂ ನಿಜ.

ಹೀಚುಗಾಯಿ:
ಹಾಗಾದರೆ 2011ರದ್ದು ಸರಿಯಾ, 2012ರದ್ದು ಸರಿಯಾ? ಒಂದು ಸಕ್ಕರೆಗೆ ಸಂಬಂಧ ಇಲ್ಲ ಅನ್ನುತ್ತದೆ, ಇನ್ನೊಂದು ಇದೆ ಅನ್ನುತ್ತದೆ.

ಸಸ್ಯಮೇಷ್ಟ್ರು:
ಎರಡೂ ಒಟ್ಟಿಗೆ ನಿಲ್ಲುತ್ತವೆ ಅಂತ ನನ್ನ ಅಭಿಪ್ರಾಯ. ಮೊದಲನೆಯದರಲ್ಲಿ ಕ್ಲೋರೋಫಿಲ್ ಒಂದನ್ನು ತಗ್ಗಿಸಿದರು. ಎರಡನೆಯದರಲ್ಲಿ ಬದಲಾಗಿದ್ದು ಕ್ಲೋರೋಪ್ಲಾಸ್ಟ್‌ನ ಬೆಳವಣಿಗೆಯೇ. ಕ್ಲೋರೋಪ್ಲಾಸ್ಟ್ ಬೆಳಕು ಹಿಡಿಯುವ ಜಾಗ ಮಾತ್ರವಲ್ಲ. ಹಸಿರು ಟೊಮೆಟೊದಲ್ಲಿ ಪಿಷ್ಟ ಕೂಡಿಡುವುದು ಅಲ್ಲೇ. ಎಲೆಯಿಂದ ಬಂದ ಸಕ್ಕರೆ ಅಲ್ಲಿ ಪಿಷ್ಟವಾಗಿ ಕೂರುತ್ತದೆ, ಹಣ್ಣಾಗುವಾಗ ಮತ್ತೆ ಸಕ್ಕರೆಯಾಗಿ ಇಳಿಯುತ್ತದೆ. ಇಡುವ ಜಾಗ ದೊಡ್ಡದಿದ್ದರೆ ಕಾಯಿ ಎಲೆಯಿಂದ ಹೆಚ್ಚು ಸೆಳೆಯುತ್ತದೆ. ಮುಂದೆ ಅದೇ ಗೂಡು ಕ್ರೋಮೋಪ್ಲಾಸ್ಟ್ ಆಗಿ ಲೈಕೋಪೀನ್ ತುಂಬಿಕೊಳ್ಳುತ್ತದೆ. ಕಾಯಿಯಲ್ಲಿ ಗೂಡು ಕಡಿಮೆ ಇದ್ದರೆ ಹಣ್ಣಿನಲ್ಲಿ ಬಣ್ಣ ಇಡಲು ಜಾಗ ಎಲ್ಲಿ? ಕಡುಹಸಿರು ಕಾಯಿಯ ಇನ್ನೊಂದು ಟೊಮೆಟೊ ಗುಂಪಿನಲ್ಲೂ ಹೀಗೇ ಆಗುತ್ತದೆ. ಬೆಳಕಿನ ಸೂಚನೆಗೆ ಅತಿಯಾಗಿ ಓಗೊಡುವ ಗಿಡಗಳು ಅವು, ಹಣ್ಣೂ ಹೆಚ್ಚು ಕೆಂಪು. ಹಾಗಾಗಿ ‘ಹಸಿರು ಕಾಯಿ ಜಾಸ್ತಿ ಸಿಹಿ’ ಅಂದರೆ ಅದು ದ್ಯುತಿಸಂಶ್ಲೇಷಣೆಯಿಂದಲೇ ಅಂತ ಹಾರಬಾರದು.

ಕತ್ತಲೆಕೋಣೆ:
ನಾನು ಬೆಳಕಿನ ಕಡೆಯಿಂದ ಒಂದು ಸೇರಿಸುತ್ತೇನೆ. ಕ್ಲೋರೋಫಿಲ್ ಕೆಂಪು ಬೆಳಕನ್ನು ನುಂಗಿಬಿಡುತ್ತದೆ, ಅದಕ್ಕಿಂತ ಉದ್ದ ಅಲೆಯ ದೂರಗೆಂಪು ಬೆಳಕನ್ನು ಬಿಟ್ಟುಬಿಡುತ್ತದೆ. ಹಾಗಾಗಿ ಹಸಿರು ಕಾಯಿಯ ತಿರುಳಿಗೆ ತಲುಪುವ ಬೆಳಕು ದಟ್ಟ ಮರದ ನೆರಳಿನ ಬೆಳಕಿನಂತೆ ಇರುತ್ತದೆ, ಕೆಂಪು ಕಡಿಮೆ. ಆ ಸ್ಥಿತಿಯಲ್ಲಿ ಒಂದು ಪ್ರೊಟೀನ್ ಲೈಕೋಪೀನ್ ತಯಾರಿಯ ಮೊದಲ ಜೀನನ್ನು ಅದುಮಿ ಹಿಡಿದಿರುತ್ತದೆ. ಕ್ಲೋರೋಫಿಲ್ ಒಡೆಯುತ್ತಾ ಹೋದಂತೆ ಕೆಂಪು ಬೆಳಕು ಒಳಗೆ ಹೆಚ್ಚು ಹೋಗುತ್ತದೆ, ಹಿಡಿತ ಸಡಿಲುತ್ತದೆ, ಬಣ್ಣ ಏರುತ್ತದೆ. 2016ರಲ್ಲಿ ಇದನ್ನು ಟೊಮೆಟೊದಲ್ಲಿ ತೋರಿಸಿದರು. ಹಸಿರು ಹೋದದ್ದು ಹಣ್ಣಿಗೆ ತಾನೇ ಗೊತ್ತಾಗುವ ಉಪಾಯ ಇದು. ಬೆಳಕಿಲ್ಲದೆಯೂ ಬಣ್ಣ ಬರುತ್ತದೆ, ಬೆಳಕಿದ್ದರೆ ಇನ್ನೂ ಹೆಚ್ಚು ಬರುತ್ತದೆ ಅನ್ನುವುದಕ್ಕೂ ಇದು ಹೊಂದುತ್ತದೆ.

ಸುಮ್ನೆ_ಕೇಳ್ದೆ:
ಸರ್, ಪೂರ್ತಿ ಕೆಂಪಾದ ಮೇಲೆ ಆ ಕ್ರೋಮೋಪ್ಲಾಸ್ಟ್ ಸುಮ್ನೆ ಬಣ್ಣದ ಚೀಲವಾಗಿ ಇರುತ್ತದಾ?

ಸಸ್ಯಮೇಷ್ಟ್ರು:
ಇಲ್ಲ. ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಅನ್ನುವ ಅಣು ಮಾಡುವ ಯಂತ್ರ ಅದರಲ್ಲಿ ಉಳಿದಿರುತ್ತದೆ. ಬೆಳಕು ಹಿಡಿಯುವುದು ನಿಂತರೂ, ಟೊಮೆಟೊದ ಕ್ರೋಮೋಪ್ಲಾಸ್ಟ್ ಆಮ್ಲಜನಕ ಬಳಸಿ ಎಟಿಪಿ ಮಾಡುತ್ತದೆ ಅಂತ 2014ರಲ್ಲಿ ತೋರಿಸಿದರು. ಒಂದು ರೀತಿ ಉಸಿರಾಡುವ ಅಂಗ ಆಗುತ್ತದೆ.

ಬೇರುಬಿಳಲು:
ಕಿತ್ತ ಮೇಲೂ ಸಿಪ್ಪೆಯ ಕ್ಲೋರೋಪ್ಲಾಸ್ಟ್ ಜೀವಂತವಾಗಿರುತ್ತದೆ ಅನ್ನುವುದಕ್ಕೆ ಸೇಬಿನ ಶೀತಲ ಕೋಣೆ ಸಾಕ್ಷಿ. ಅಲ್ಲಿ ಹಣ್ಣು ಬೇಗ ಮಾಗಬಾರದು ಅಂತ ಆಮ್ಲಜನಕವನ್ನು ತುಂಬಾ ಇಳಿಸುತ್ತಾರೆ. ಎಷ್ಟು ಇಳಿಸಬಹುದು ಅಂತ ಹೇಳುವುದು ಕ್ಲೋರೋಫಿಲ್. ಸಣ್ಣ ಬೆಳಕು ಹಾಯಿಸಿ ಸಿಪ್ಪೆ ವಾಪಸ್ ಬಿಡುವ ಹೊಳಪನ್ನು ಅಳೆಯುತ್ತಾರೆ. ಆಮ್ಲಜನಕ ಅತಿ ಕಡಿಮೆಯಾದ ತಕ್ಷಣ ಆ ಹೊಳಪು ಏರುತ್ತದೆ, ಆಗ ಸ್ವಲ್ಪ ಆಮ್ಲಜನಕ ವಾಪಸ್ ಬಿಡುತ್ತಾರೆ. ಸಿಪ್ಪೆಯಲ್ಲಿ ಎಷ್ಟು ಕ್ಲೋರೋಫಿಲ್ ಉಳಿದಿದೆ ಅಂತ ಹಣ್ಣನ್ನು ಕೊಯ್ಯದೆ ಬೆಳಕಿನಿಂದಲೇ ಅಳೆದು ಕೀಳುವ ಹೊತ್ತು ನಿರ್ಧರಿಸುವ ಕೈಮೀಟರ್‌ಗಳೂ ಇವೆ.

ಹೀಚುಗಾಯಿ:
ನನ್ನ ಹತ್ತಿರ ಕುಂಡದಲ್ಲಿ ಟೊಮೆಟೊ ಇದೆ, ಈಗಷ್ಟೇ ಹೀಚು ಕಟ್ಟಿದೆ. ಕೆಲವಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಕೆಲವನ್ನು ಹಾಗೇ ಬಿಟ್ಟು ನೋಡೋಣ ಅಂತಿದ್ದೇನೆ. ಏನು ಅಳೆಯಲಿ?

ಕಡ್ಡಿಮುರಿದಂತೆ:
ಬಣ್ಣ ನೋಡಿ ಮೋಸ ಹೋಗಬೇಡಿ, ಎರಡೂ ಕೆಂಪಾಗುತ್ತವೆ. ತೂಕ, ರಿಫ್ರಾಕ್ಟೋಮೀಟರ್ ಸಿಕ್ಕರೆ ರಸದ ಬ್ರಿಕ್ಸ್ (ಸಿಹಿಯ ಅಳತೆ), ಮತ್ತೆ ಮುಖ್ಯವಾಗಿ ಬೀಜ. ಹಣ್ಣಿಗೆ ಎಷ್ಟು ಗಟ್ಟಿ ಬೀಜ, ಎಷ್ಟು ಜೊಳ್ಳು ಅಂತ ಎಣಿಸಿ, ಬಿತ್ತಿ ಮೊಳಕೆ ಎಷ್ಟು ಬಂತು ನೋಡಿ. ಒಂದೇ ಗೊಂಚಲಿನಲ್ಲಿ, ಹತ್ತಿರದ ದಿನಗಳಲ್ಲಿ ಹೂ ಬಿಟ್ಟವನ್ನೇ ಹೋಲಿಸಿ. ಮೇಲಿನ ಗೊಂಚಲು, ಕೆಳಗಿನ ಗೊಂಚಲು ಬೆರೆಸಿದರೆ ಏನೂ ತಿಳಿಯುವುದಿಲ್ಲ.

ಸಸ್ಯಮೇಷ್ಟ್ರು:
ಎರಡು ಎಚ್ಚರ. ಫಾಯಿಲ್ ಸುತ್ತುವಾಗ ತೊಟ್ಟಿನ ಹತ್ತಿರ ಬಿಗಿಯಬೇಡಿ, ಕಾಯಿ ಉಸಿರಾಡುವುದು ಅಲ್ಲಿಂದ. ಅಲ್ಲಿ ಬಿಗಿದರೆ ನೀವು ಕತ್ತಲೆಯನ್ನು ಅಳೆಯುತ್ತಿದ್ದೀರೋ ಉಸಿರುಗಟ್ಟಿದ್ದನ್ನೋ ಗೊತ್ತಾಗುವುದಿಲ್ಲ. ಕಾಯಿ ಉಬ್ಬುತ್ತದೆ, ಅದಕ್ಕೂ ಜಾಗ ಬಿಟ್ಟು ಸಡಿಲವಾಗಿ ಸುತ್ತಿ. ಇನ್ನೊಂದು ಬಿಸಿ. ಬಯಲಲ್ಲಿರುವ ಕಾಯಿ ಬಿಸಿಲಿಗೆ ಕಾಯುತ್ತದೆ, ಫಾಯಿಲ್ ಒಳಗಿನದು ಬೇರೆ ತರ ಕಾಯುತ್ತದೆ. ಮಧ್ಯಾಹ್ನದ ಹೊತ್ತು ಎರಡರ ಮೈಯ ಬಿಸಿಯನ್ನೂ ಬರೆದಿಟ್ಟುಕೊಳ್ಳಿ, ವ್ಯತ್ಯಾಸ ಜಾಸ್ತಿ ಬಂದರೆ ಕುಂಡವನ್ನೇ ತೆಳು ನೆರಳಿಗೆ ಸರಿಸಿ. ಆಮೇಲೆ ನಿಮ್ಮದು ಭುಜ ಕಡುಹಸಿರಿರುವ ಜಾತಿಯಾ, ಒಂದೇ ಸಮ ತಿಳಿಹಸಿರಿನದಾ ಅಂತಲೂ ನೋಡಿ ಹೇಳಿ. ಮೊದಲನೆಯದಾದರೆ ವ್ಯತ್ಯಾಸ ಕಾಣುವ ಸಂಭವ ಹೆಚ್ಚು.